ಪಟ್ಟಿ ಹೊಸದಾದಾಗ ಸಾಲು ಕಳೆದುಹೋಗುವುದೇಕೆ: ಬ್ಯಾಕ್‌ಬೋನ್ ಕಲೆಕ್ಷನ್‌ಗಳ ದೋಷ ನಿವಾರಣೆ

ವಿಜಯಪುರದಿಂದ ಅಥಣಿಯ ಕಡೆಗೆ ಹೋಗುವ ರಸ್ತೆಯಲ್ಲಿ, ತಿಕೋಟಾ ಸೀಮೆಯ ಒಂದು ಶೀತಲಗೃಹಕ್ಕೆ ನಾನು ದಾಸ್ತಾನಿನ ಪುಟವೊಂದನ್ನು ಬರೆದುಕೊಟ್ಟಿದ್ದೆ. ಸುತ್ತಲಿನ ತೋಟಗಳ ದ್ರಾಕ್ಷಿ ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಶೆಡ್ಡುಗಳ ಬಲೆಗಳ ಮೇಲೆ ಒಣಗಿ, ಒಣದ್ರಾಕ್ಷಿಯಾಗಿ ಪೆಟ್ಟಿಗೆ ತುಂಬಿಕೊಂಡು ಅಲ್ಲಿಗೆ ಬರುತ್ತದೆ. ಒಳ್ಳೆಯ ದರ ಸಿಗುವ ತನಕ ರೈತರು ಮಾಲನ್ನು ಅಲ್ಲಿಯೇ ಇಡುತ್ತಾರೆ. ಲಾಟ್ ಸಂಖ್ಯೆ, ಪೆಟ್ಟಿಗೆಗಳ ಎಣಿಕೆ, ದರ್ಜೆ, ದರ, ಕೊಂಡವರ ಹೆಸರು ಇಷ್ಟು ಆ ಪುಟದ ಒಂದೊಂದು ಸಾಲಿನಲ್ಲಿರುತ್ತದೆ. ಪುಟ ಬ್ಯಾಕ್‌ಬೋನ್ ಎಂಬ ಜಾವಾಸ್ಕ್ರಿಪ್ಟ್ ಚೌಕಟ್ಟಿನಲ್ಲಿ ನಡೆಯುತ್ತದೆ (ಅದರಲ್ಲಿ ಒಂದು ಸಾಲಿನ ಮಾಹಿತಿಯನ್ನು ಹಿಡಿದಿರುವುದು ಮಾಡೆಲ್, ಮಾಡೆಲ್‌ಗಳ ಪಟ್ಟಿ ಕಲೆಕ್ಷನ್, ಅವುಗಳನ್ನು ಪರದೆಗೆ ಬರೆಯುವುದು ವ್ಯೂ), ಮತ್ತು 30 ಸೆಕೆಂಡಿಗೊಮ್ಮೆ ಸರ್ವರ್‌ನಿಂದ ಇಡೀ ಪಟ್ಟಿಯನ್ನು ತರಿಸಿಕೊಳ್ಳುತ್ತದೆ.

ಮಾಲು ಜೋರಾಗಿ ಬರುತ್ತಿದ್ದ ಮಾರ್ಚ್ ತಿಂಗಳಲ್ಲಿ ಗುಮಾಸ್ತರು ಒಂದು ತೊಂದರೆಯನ್ನು ಹೇಳಿದರು. ದರದ ಚೌಕದಲ್ಲಿ ಎರಡು ಅಂಕಿ ಒತ್ತಿ ಮೂರನೆಯದಕ್ಕೆ ಬೆರಳು ಇಡುವಷ್ಟರಲ್ಲಿ ಚೌಕ ಖಾಲಿಯಾಗುತ್ತದೆ, ಕರ್ಸರ್ ಎಲ್ಲಿಯೂ ಕಾಣುವುದಿಲ್ಲ, ಹೊರಗೆ ಸಾಗಿಸಲೆಂದು ಟಿಕ್ ಹಾಕಿಟ್ಟ ಐದಾರು ಲಾಟುಗಳ ಗುರುತುಗಳೆಲ್ಲ ಒಮ್ಮೆಲೇ ಅಳಿದುಹೋಗುತ್ತವೆ. ಲಾರಿ ಬಾಗಿಲಲ್ಲಿ ನಿಂತಿರುವಾಗ, ಹಮಾಲರು ಲಾಟ್ ಸಂಖ್ಯೆ ಕೇಳುತ್ತ ಕಾಯುತ್ತಿರುವಾಗ ಇದು ಸಣ್ಣ ಕಿರಿಕಿರಿಯಲ್ಲ. ಒಬ್ಬ ರೈತನ ಮಾಲಿನ ಬದಲು ಇನ್ನೊಬ್ಬನದು ಹೊರಗೆ ಹೋಗಿಬಿಡಬಹುದಾದ ದೋಷ.

ನಾನು ಮೊದಲು ಹುಡುಕಿದ್ದು ತಪ್ಪು ಜಾಗದಲ್ಲಿ. ಸಾಲನ್ನು ಬರೆಯುವ ವ್ಯೂನಲ್ಲಿಯೇ ದೋಷವಿದೆ ಎಂದು ತಿಳಿದು, ಒತ್ತಿದ ಅಂಕಿಗಳನ್ನು ಬೇರೆ ಕಡೆ ಉಳಿಸಿಟ್ಟು ಮರಳಿ ತುಂಬುವ ಕೋಡ್ ಬರೆಯಲು ಎರಡು ದಿನ ಕಳೆದೆ. ವ್ಯೂ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಕಲೆಕ್ಷನ್ ಅದಕ್ಕೆ ಸುಳ್ಳು ಸುದ್ದಿ ಕೊಡುತ್ತಿತ್ತು. ಅಂದಿನಿಂದ ಇಂಥ ದೂರು ಬಂದಾಗಲೆಲ್ಲ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ ಇದು: ಈಗ ಬಂದ ಸಾಲು ಮತ್ತು ಆಗಲೇ ಇದ್ದ ಸಾಲು ಒಂದೇ ಎಂದು ಕಲೆಕ್ಷನ್ ಯಾವುದರಿಂದ ಗುರುತಿಸುತ್ತಿದೆ?

ಕಲೆಕ್ಷನ್ ಒಳಗೆ ನಡೆಯುವುದೇನು

ಬ್ಯಾಕ್‌ಬೋನ್ 2010ರಲ್ಲಿ ಜೆರೆಮಿ ಆಶ್ಕೆನಾಸ್ ಅವರಿಂದ ಬಂದ ಚೌಕಟ್ಟು. ಮೊದಲಿನ ಆವೃತ್ತಿಗಳಲ್ಲಿ ಫೆಚ್ ಮಾಡಿದಾಗ (ಸರ್ವರ್‌ನಿಂದ ಪಟ್ಟಿ ತರಿಸಿಕೊಂಡಾಗ) ಹಳೆಯ ಪಟ್ಟಿಯನ್ನು ಪೂರ್ತಿ ಎಸೆದು ಹೊಸದನ್ನು ತುಂಬಲಾಗುತ್ತಿತ್ತು, ಅಂದರೆ ರಿಸೆಟ್ ನಡೆಯುತ್ತಿತ್ತು. 2013ರ ಮಾರ್ಚ್‌ನಲ್ಲಿ ಬಂದ 1.0 ಆವೃತ್ತಿಯಿಂದ ಫೆಚ್ ತಾನಾಗಿಯೇ ಸೆಟ್ ಎಂಬ ಕ್ರಿಯೆಯನ್ನು ಕರೆಯುತ್ತದೆ. ರಿಸೆಟ್ ಬೇಕೆಂದರೆ ನಾವೇ ಆಯ್ಕೆಯಲ್ಲಿ ಹೇಳಬೇಕು. ಹಳೆಯ ಕೋಡನ್ನು ಹೊಸ ಆವೃತ್ತಿಗೆ ತಂದ ಕೂಡಲೇ ಪಟ್ಟಿ ಖಾಲಿಯಾಗಿ ಕಾಣುತ್ತಿದ್ದರೆ, ವ್ಯೂ ಇನ್ನೂ ‘ರಿಸೆಟ್’ ಇವೆಂಟ್ (ಏನೋ ನಡೆಯಿತೆಂದು ಕಲೆಕ್ಷನ್ ಕೊಡುವ ಸುದ್ದಿ) ಒಂದನ್ನೇ ಕಾಯುತ್ತಿದೆಯೇ ಎಂದು ನೋಡಿದರೆ ಸಾಕು. ಆ ಇವೆಂಟ್ ಈಗ ಬರುವುದೇ ಇಲ್ಲ.

ಸೆಟ್ ಮಾಡುವ ಕೆಲಸ ಮೂರು ಬಗೆಯದು. ಬಂದ ಪ್ರತಿ ಸಾಲಿಗೂ ಕಲೆಕ್ಷನ್‌ನಲ್ಲಿ ಅದೇ ಐಡಿಯ (ಗುರುತಿನ ಸಂಖ್ಯೆಯ) ಮಾಡೆಲ್ ಇದೆಯೇ ಎಂದು ಅದು ಹುಡುಕುತ್ತದೆ. ಇದ್ದರೆ ಹೊಸ ಮೌಲ್ಯಗಳನ್ನು ಅದೇ ಮಾಡೆಲ್‌ಗೆ ಬೆರೆಸುತ್ತದೆ, ಇಲ್ಲದಿದ್ದರೆ ಹೊಸ ಮಾಡೆಲ್ ಕಟ್ಟಿ ಸೇರಿಸುತ್ತದೆ, ಕೊನೆಗೆ ಬಂದ ಪಟ್ಟಿಯಲ್ಲಿ ಕಾಣದ ಹಳೆಯ ಮಾಡೆಲ್‌ಗಳನ್ನು ತೆಗೆದುಹಾಕುತ್ತದೆ. ಬೆರೆಸುವಿಕೆ, ಸೇರ್ಪಡೆ, ತೆಗೆಯುವಿಕೆ ಈ ಮೂರಕ್ಕೂ ಮರ್ಜ್, ಆ್ಯಡ್, ರಿಮೂವ್ ಎಂಬ ಪ್ರತ್ಯೇಕ ಆಯ್ಕೆಗಳಿವೆ, ಮತ್ತು ಸೆಟ್‌ನಲ್ಲಿ ಮೂರೂ ಮೊದಲೇ ಚಾಲೂ ಇರುತ್ತವೆ. ಈ ಹುಡುಕಾಟ ವಿಫಲವಾದರೆ ಮುಂದಿನ ಎರಡೂ ತೀರ್ಮಾನಗಳು ತಪ್ಪಾಗುತ್ತವೆ: ಇದ್ದದ್ದನ್ನೇ ಹೊಸದೆಂದು ಸೇರಿಸುತ್ತದೆ, ಹಳೆಯದನ್ನು ಬೇಡವೆಂದು ತೆಗೆಯುತ್ತದೆ. ಪರದೆಯ ಮೇಲೆ ಅದೇ ಅಕ್ಷರಗಳು ಮರಳಿ ಬರುವುದರಿಂದ ನೋಡುವವರಿಗೆ ಏನೂ ಆಗಿಲ್ಲವೆಂದೇ ತೋರುತ್ತದೆ. ಸಾಲಿನಲ್ಲಿ ಬೆರಳಿಟ್ಟಿದ್ದವರಿಗೆ ಮಾತ್ರ ಅದು ಗೊತ್ತಾಗುತ್ತದೆ.

ಮೊದಲ ಪರೀಕ್ಷೆ

ಬ್ರೌಸರ್‌ನ ಕನ್ಸೋಲ್ ತೆರೆದು, ಕಲೆಕ್ಷನ್‌ನ ‘ಆಲ್’ ಇವೆಂಟಿಗೆ ಒಂದು ಸಣ್ಣ ಕಾರ್ಯವನ್ನು (ಫಂಕ್ಷನ್) ಜೋಡಿಸಿ, ಬರುವ ಪ್ರತಿ ಇವೆಂಟಿನ ಹೆಸರನ್ನು ಅಚ್ಚು ಹಾಕಿಸಬೇಕು. ಆಮೇಲೆ ಏನನ್ನೂ ಮುಟ್ಟದೆ ಎರಡು ಸಲ ಪಟ್ಟಿ ಹೊಸದಾಗುವ ತನಕ ಕಾಯಬೇಕು. ಸರ್ವರ್‌ನಲ್ಲಿ ಏನೂ ಬದಲಾಗಿರದಿದ್ದರೆ, 1.3.3 ಆವೃತ್ತಿಯಲ್ಲಿಯೂ ಅದರ ನಂತರದವುಗಳಲ್ಲಿಯೂ ಪ್ರತಿ ಸಲ ‘ರಿಕ್ವೆಸ್ಟ್’, ‘ಅಪ್‌ಡೇಟ್’, ‘ಸಿಂಕ್’ ಎಂಬ ಮೂರೇ ಹೆಸರುಗಳು ಬರಬೇಕು. ನನ್ನ ಪರದೆಯ ಮೇಲೆ ‘ರಿಮೂವ್’ 240 ಸಲ, ‘ಆ್ಯಡ್’ 240 ಸಲ ಹರಿದುಹೋದವು. ಗೋದಾಮಿನಲ್ಲಿ ಅಂದು ಇದ್ದ ಲಾಟುಗಳು 240.

ಇದಕ್ಕಿಂತ ಅಚ್ಚುಕಟ್ಟಾದ ದಾರಿ ‘ಅಪ್‌ಡೇಟ್’ ಇವೆಂಟಿನ ಜೊತೆ ಬರುವ ಆಯ್ಕೆಗಳಲ್ಲಿದೆ. ಅಲ್ಲಿನ ಚೇಂಜಸ್ ಎಂಬ ವಸ್ತುವಿನಲ್ಲಿ ಸೇರಿದವು, ತೆಗೆದವು, ಬೆರೆತವು ಎಂಬ ಮೂರು ಪಟ್ಟಿಗಳಿರುತ್ತವೆ. ಮೂರರ ಉದ್ದವನ್ನು ಅಚ್ಚು ಹಾಕಿಸಿದರೆ ರೋಗದ ಹೆಸರು ಬಹುಮಟ್ಟಿಗೆ ಅಲ್ಲಿಯೇ ತಿಳಿಯುತ್ತದೆ. ಆರೋಗ್ಯವಾಗಿದ್ದಾಗ 0, 0, 240 ಎಂದು ಬರಬೇಕು. ನನಗೆ 240, 240, 0 ಬಂದಿತು. ಅಂದರೆ ಕಲೆಕ್ಷನ್ ಒಂದೇ ಒಂದು ಲಾಟನ್ನೂ ಗುರುತು ಹಿಡಿಯುತ್ತಿರಲಿಲ್ಲ. ಈ ಮೂರು ಅಂಕಿಗಳನ್ನು ಬರೆದಿಟ್ಟುಕೊಳ್ಳದೆ ವ್ಯೂನ ಒಂದು ಸಾಲನ್ನೂ ತಿದ್ದಬಾರದೆಂಬುದು ನನ್ನ ಕಟ್ಟುನಿಟ್ಟಾದ ಸಲಹೆ.

ಐಡಿ ಯಾವುದು

ಬ್ಯಾಕ್‌ಬೋನ್ ಮಾಡೆಲ್ ತನ್ನ ಗುರುತನ್ನು ‘ಐಡಿ’ ಎಂಬ ಹೆಸರಿನ ಗುಣದಲ್ಲಿ (ಆಟ್ರಿಬ್ಯೂಟ್, ಅಂದರೆ ಹೆಸರಿಟ್ಟ ಒಂದು ಮೌಲ್ಯದಲ್ಲಿ) ಹುಡುಕುತ್ತದೆ. ನಮ್ಮ ಸರ್ವರ್ ಕಳಿಸುತ್ತಿದ್ದುದು ‘ಲಾಟ್‌ನಂಬರ್’ ಎಂಬ ಹೆಸರಿನಲ್ಲಿ. ಹೀಗಿರುವಾಗ ಪ್ರತಿ ಮಾಡೆಲ್ ಕೂಡ ತನಗೆ ಐಡಿಯೇ ಇಲ್ಲವೆಂದು, ತಾನಿನ್ನೂ ಸರ್ವರ್‌ನಲ್ಲಿ ಉಳಿಸದ ಹೊಸ ಮಾಡೆಲ್ ಎಂದು ತಿಳಿಯುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಕಣ್ಣೆದುರಿಗೆ ಕಾಣುವ ಯಾವುದಾದರೂ ಲಾಟ್ ಸಂಖ್ಯೆಯನ್ನು, ಐಡಿಯಿಂದ ಮಾಡೆಲ್ ಹುಡುಕಿಕೊಡುವ ಕಲೆಕ್ಷನ್‌ನ ಗೆಟ್‌ಗೆ ಕೊಟ್ಟು ನೋಡಬೇಕು. ಅನ್‌ಡಿಫೈನ್ಡ್ (ಏನೂ ಸಿಗಲಿಲ್ಲ) ಎಂದು ಬಂದರೆ ಸಂಶಯ ನಿಜ. ಸರ್ವರ್‌ನ ಲಾಗ್‌ನಲ್ಲಿಯೂ ಇದರ ಸುಳಿವು ಇರುತ್ತದೆ: ಇದ್ದ ಲಾಟನ್ನು ತಿದ್ದಿ ಉಳಿಸಿದಾಗ ಇದ್ದದ್ದನ್ನು ತಿದ್ದುವ ಪುಟ್ ವಿನಂತಿ ಹೋಗಬೇಕಾದ ಕಡೆ ಹೊಸದನ್ನು ಸೇರಿಸುವ ಪೋಸ್ಟ್ ವಿನಂತಿ ಹೋಗಿರುತ್ತದೆ, ಏಕೆಂದರೆ ಮಾಡೆಲ್ ತನ್ನನ್ನು ಹೊಸದೆಂದೇ ನಂಬಿದೆ.

ಪರಿಹಾರ ಒಂದೇ ಸಾಲಿನದು. ಮಾಡೆಲ್‌ನ ವ್ಯಾಖ್ಯೆಯಲ್ಲಿ ಐಡಿಆಟ್ರಿಬ್ಯೂಟ್ ಎಂಬುದಕ್ಕೆ ‘ಲಾಟ್‌ನಂಬರ್’ ಎಂದು ಕೊಡಬೇಕು. ಒಂದೇ ಕಲೆಕ್ಷನ್‌ನಲ್ಲಿ ಬೇರೆ ಬೇರೆ ಬಗೆಯ ಮಾಡೆಲ್‌ಗಳಿದ್ದು, ಕಲೆಕ್ಷನ್‌ನ ಮಾಡೆಲ್ ಎಂಬಲ್ಲಿ ಆಯ್ಕೆ ಮಾಡುವ ಕಾರ್ಯವೊಂದನ್ನು ಇಟ್ಟಿದ್ದರೆ ಇಷ್ಟೇ ಸಾಲದು. ಕಲೆಕ್ಷನ್‌ನ ಮಾಡೆಲ್‌ಐಡಿ ಎಂಬ ಕಾರ್ಯವನ್ನೂ ಬರೆದುಕೊಡಬೇಕು.

ಇದನ್ನು ತಿದ್ದಿದ ಮೇಲೆ ಅಂಕಿಗಳು 0, 0, 240 ಆದವು. ಆದರೆ ನಾಲ್ಕನೆಯ ದಿನ ಇನ್ನೊಂದು ದೂರು ಬಂದಿತು: ಒಂದೇ ಲಾಟ್ ಪಟ್ಟಿಯಲ್ಲಿ ಎರಡು ಸಲ ಕಾಣುತ್ತಿದೆ. ಗುಮಾಸ್ತರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಮೇಲಿನ ಸಾಲಿನಲ್ಲಿ 0142, ಕೆಳಗಿನ ಸಾಲಿನಲ್ಲಿ 142; ಎರಡರಲ್ಲಿಯೂ ಅದೇ ರೈತ, ಅಷ್ಟೇ ಪೆಟ್ಟಿಗೆಗಳು. ಇಡೀ ಪಟ್ಟಿಯನ್ನು ಕೊಡುವ ಸರ್ವರ್ ಲಾಟ್ ಸಂಖ್ಯೆಯನ್ನು ಸೊನ್ನೆ ಸೇರಿಸಿದ ಪಠ್ಯವಾಗಿ ಕಳಿಸುತ್ತಿತ್ತು, ತೂಕದ ಯಂತ್ರದ ಕಡೆಯಿಂದ ನೇರವಾಗಿ ಬರುವ ಸಂದೇಶ ಅದನ್ನು ಬರೀ ಅಂಕಿಯಾಗಿ ಕಳಿಸುತ್ತಿತ್ತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಲೆಕ್ಷನ್ ತನ್ನ ಐಡಿಗಳನ್ನು ಜಾವಾಸ್ಕ್ರಿಪ್ಟ್ ವಸ್ತುವಿನ ಕೀಲಿಗಳಾಗಿ ಇಟ್ಟುಕೊಳ್ಳುವುದರಿಂದ, 142 ಎಂಬ ಅಂಕಿಗೂ ‘142’ ಎಂಬ ಪಠ್ಯಕ್ಕೂ ಅದು ಭೇದ ಮಾಡುವುದಿಲ್ಲ. ಆದರೆ ಮುಂದಿನ ಸೊನ್ನೆಗಾಗಲಿ, ಕೊನೆಯಲ್ಲಿ ಸೇರಿದ ಒಂದು ಖಾಲಿ ಜಾಗಕ್ಕಾಗಲಿ ಭೇದ ಮಾಡಿಯೇ ಮಾಡುತ್ತದೆ. ಗುಣಗಳ ಮೌಲ್ಯದಿಂದ ಹುಡುಕುವ ವೇರ್ ಎಂಬುದಾದರೋ ಅಂಕಿ ಮತ್ತು ಪಠ್ಯಗಳನ್ನೂ ಬೇರೆಯಾಗಿಯೇ ಕಾಣುತ್ತದೆ. ಹೀಗಾಗಿ ಗೆಟ್‌ಗೆ ಸಿಕ್ಕ ಮಾಡೆಲ್ ವೇರ್‌ಗೆ ಸಿಗದೆ ಹೋಗುವುದುಂಟು.

ಐಡಿಯನ್ನು ಒಂದೇ ರೂಪಕ್ಕೆ ತರುವ ಕೋಡನ್ನು ನಾನು ಮಾಡೆಲ್‌ನ ಪಾರ್ಸ್‌ನಲ್ಲಿ (ಸರ್ವರ್‌ನಿಂದ ಬಂದದ್ದನ್ನು ಬಳಸುವ ಮೊದಲು ತಿದ್ದಿಕೊಳ್ಳುವ ಕಾರ್ಯದಲ್ಲಿ) ಬರೆದೆ, ಮತ್ತು ಅದರಿಂದ ಏನೂ ಆಗಲಿಲ್ಲ. ಬಹಳ ಜನ ಇಲ್ಲಿಯೇ ಎಡವುತ್ತಾರೆಂದು ಕಾಣುತ್ತದೆ, ಆದ್ದರಿಂದ ಕಾರಣವನ್ನು ಬಿಡಿಸಿ ಹೇಳುತ್ತೇನೆ. ಸೆಟ್ ಮೊದಲು ಕಲೆಕ್ಷನ್‌ನ ಪಾರ್ಸ್ ಅನ್ನು ಕರೆಯುತ್ತದೆ, ಆಮೇಲೆ ಬಂದ ಕಚ್ಚಾ ಸಾಲಿನ ಐಡಿಯಿಂದ ಹಳೆಯ ಮಾಡೆಲ್ ಹುಡುಕುತ್ತದೆ, ಆ ಹುಡುಕಾಟ ಮುಗಿದ ಮೇಲೆಯೇ ಮಾಡೆಲ್‌ನ ಪಾರ್ಸ್‌ಗೆ ಸರದಿ ಬರುತ್ತದೆ. ಮಾಡೆಲ್‌ನ ಪಾರ್ಸ್ ಸೊನ್ನೆಯನ್ನು ತೆಗೆಯುವ ಹೊತ್ತಿಗೆ ‘ಇದು ಹೊಸದು’ ಎಂಬ ತೀರ್ಮಾನ ಆಗಿಹೋಗಿರುತ್ತದೆ. ಐಡಿಗೆ ಸಂಬಂಧಿಸಿದ ಶುದ್ಧೀಕರಣವೆಲ್ಲ ಕಲೆಕ್ಷನ್‌ನ ಪಾರ್ಸ್‌ನಲ್ಲಿ ನಡೆಯಬೇಕು. ಇದರೊಡನೆ ಇನ್ನೊಂದು ಮಾತು: ಫೆಚ್ ತಾನಾಗಿ ಪಾರ್ಸ್ ಮಾಡಿಸುತ್ತದೆ, ನಾವು ಕೈಯಾರೆ ಕರೆಯುವ ಆ್ಯಡ್ ಅಥವಾ ಸೆಟ್ ಹಾಗೆ ಮಾಡಿಸುವುದಿಲ್ಲ. ನೇರ ಸಂದೇಶವನ್ನು ಸೇರಿಸುವಾಗ ಪಾರ್ಸ್ ಆಯ್ಕೆಯನ್ನು ನಾವೇ ಕೊಡಬೇಕು.

ಐಡಿಯ ವಿಷಯದಲ್ಲಿ ಕೋಡ್ ಉತ್ತರಿಸಲಾರದ ಪ್ರಶ್ನೆಯೂ ಒಂದಿದೆ. ‘ಒಂದು ಲಾಟಿನ ಸಂಖ್ಯೆ ಯಾವಾಗಲಾದರೂ ಬದಲಾಗುತ್ತದೆಯೇ’ ಎಂದು ಗುಮಾಸ್ತರನ್ನು ಕೇಳಿದೆ. ‘ಮಾಲು ಹೊರಗ ಹೋಗೋ ತನಕ ಬದಲಾಗಂಗಿಲ್ರಿ, ಆದ್ರ ಹೊಸ ಹಂಗಾಮಕ್ಕ ಮತ್ತ ಒಂದರಿಂದ ಸುರು ಮಾಡ್ತೀವಿ’ ಎಂದರು. ಹಿಂದಿನ ವರ್ಷದ ಮಾಲು ಇನ್ನೂ ಒಳಗಿರುವಾಗಲೇ ಹೊಸ ಹಂಗಾಮಿನ 142ನೆಯ ಲಾಟ್ ಬಂದರೆ, ಕಲೆಕ್ಷನ್ ಎರಡನ್ನೂ ಒಂದೇ ಮಾಡೆಲ್‌ಗೆ ಬೆರೆಸಿ ಒಬ್ಬ ರೈತನ ಮಾಲನ್ನು ಪರದೆಯಿಂದ ಮರೆ ಮಾಡಿಬಿಡುತ್ತದೆ, ಮತ್ತು ಈ ತಪ್ಪಿಗೆ ಯಾವ ಎಚ್ಚರಿಕೆಯ ಇವೆಂಟೂ ಬರುವುದಿಲ್ಲ. ಹಂಗಾಮಿನ ವರ್ಷ ಮತ್ತು ಲಾಟ್ ಸಂಖ್ಯೆ ಎರಡನ್ನೂ ಜೋಡಿಸಿದ ಒಂದು ಗುಣವನ್ನು ಕಲೆಕ್ಷನ್‌ನ ಪಾರ್ಸ್‌ನಲ್ಲಿಯೇ ಕಟ್ಟಿ, ಐಡಿಆಟ್ರಿಬ್ಯೂಟ್ ಅದರ ಕಡೆಗೆ ತೋರುವಂತೆ ಮಾಡಿದೆ. ಲೆಕ್ಕದ ಪುಸ್ತಕ ಹಿಡಿದವರನ್ನು ಕೇಳದೆ ಐಡಿಯನ್ನು ತೀರ್ಮಾನಿಸಬಾರದು.

ಇದ್ದ ಸಾಲುಗಳು ಮಾಯವಾಗುವುದು

ಚೇಂಜಸ್‌ನಲ್ಲಿ ತೆಗೆದವುಗಳ ಎಣಿಕೆ ಮಾತ್ರ ದೊಡ್ಡದಿದ್ದು ಸೇರಿದವು ಇಲ್ಲವೇ ಇಲ್ಲವೆಂದರೆ, ಸರ್ವರ್ ಪಟ್ಟಿಯ ಒಂದು ಭಾಗವನ್ನಷ್ಟೇ ಕಳಿಸಿದೆ ಎಂದು ತಿಳಿಯಬೇಕು. ಪುಟಕ್ಕೆ 50 ಸಾಲುಗಳಂತೆ ಕೊಡುವ ಸರ್ವರ್ ಎದುರಿಗೆ ಸೆಟ್ ಉಳಿದ 190 ಸಾಲುಗಳನ್ನು ಪ್ರಾಮಾಣಿಕವಾಗಿ ಅಳಿಸುತ್ತದೆ, ಏಕೆಂದರೆ ಬಂದದ್ದೇ ಪೂರ್ತಿ ಪಟ್ಟಿ ಎಂಬುದು ಅದರ ನಂಬಿಕೆ. ರಿಮೂವ್ ಆಯ್ಕೆಯನ್ನು ಬಂದ್ ಮಾಡಿಟ್ಟರೆ ಸಾಲುಗಳು ಉಳಿಯುತ್ತವೆ. ಆದರೆ ಆಗ ನಿಜವಾಗಿ ಹೊರಗೆ ಹೋದ ಲಾಟುಗಳೂ ಉಳಿದುಬಿಡುತ್ತವೆ, ಅವುಗಳ ಐಡಿಗಳನ್ನು ಸರ್ವರ್‌ನಿಂದ ಬೇರೆಯಾಗಿ ತರಿಸಿ ನಾವೇ ತೆಗೆಯಬೇಕು. ಹುಡುಕಾಟದ ಫಲಿತಾಂಶವನ್ನು ಮೂಲ ಕಲೆಕ್ಷನ್‌ಗೇ ಫೆಚ್ ಮಾಡುವುದೂ ಇದೇ ತಪ್ಪು. ರೈತನ ಹೆಸರಿನಿಂದ ಹುಡುಕಿದ ಕೂಡಲೇ ಗೋದಾಮಿನ ಒಟ್ಟು ಪೆಟ್ಟಿಗೆಗಳ ಎಣಿಕೆ ಕುಸಿದು ತೋರಿದರೆ ಕಾರಣ ಇದೇ. ಹುಡುಕಾಟಕ್ಕೆ ಬೇರೆ ಕಲೆಕ್ಷನ್ ಇಡಬೇಕು.

ಮೌಲ್ಯ ಬದಲಾದರೂ ಪರದೆ ಬದಲಾಗದಿರುವುದು

ಇದರಲ್ಲಿ ಮೂರು ಬೇರೆ ಬೇರೆ ಕಾರಣಗಳು ಒಂದೇ ಮುಖ ತೊಟ್ಟು ಬರುತ್ತವೆ. ಎಲ್ಲಕ್ಕಿಂತ ಸರಳವಾದುದು ಆ್ಯಡ್‌ನ ನಡವಳಿಕೆ. ಆಗಲೇ ಇರುವ ಐಡಿಯ ಸಾಲನ್ನು ಆ್ಯಡ್‌ಗೆ ಕೊಟ್ಟರೆ ಅದು ಸದ್ದಿಲ್ಲದೆ ಅದನ್ನು ಬಿಟ್ಟುಬಿಡುತ್ತದೆ; ಬೆರೆಸಬೇಕಾದರೆ ಮರ್ಜ್ ಆಯ್ಕೆಯನ್ನು ಕೊಡಲೇಬೇಕು. ನೇರ ಸಂದೇಶದಲ್ಲಿ ಬಂದ ಹೊಸ ತೂಕ 30 ಸೆಕೆಂಡು ತಡವಾಗಿ, ಮುಂದಿನ ಫೆಚ್ ಆದ ಮೇಲೆಯೇ ಕಾಣುತ್ತಿದ್ದುದಕ್ಕೆ ಇದೇ ಕಾರಣವಾಗಿತ್ತು.

ಎರಡನೆಯದು ಒಳಗಿನ ವಸ್ತುವನ್ನು ಇದ್ದಲ್ಲಿಯೇ ತಿದ್ದುವುದು. ಒಂದು ಲಾಟಿಗೆ ಬಂದ ಸವಾಲುಗಳನ್ನೆಲ್ಲ (ಕೊಳ್ಳುವವರು ಕೂಗಿದ ದರಗಳನ್ನೆಲ್ಲ) ಒಂದು ಸಾಲುಪಟ್ಟಿಯಾಗಿ ಮಾಡೆಲ್‌ನಲ್ಲಿ ಇಟ್ಟಿದ್ದೇವೆ ಎನ್ನೋಣ. ಗೆಟ್‌ನಿಂದ ಆ ಸಾಲುಪಟ್ಟಿಯನ್ನು ಪಡೆದು, ಅದಕ್ಕೇ ಹೊಸ ಸವಾಲನ್ನು ಸೇರಿಸಿ, ಅದನ್ನೇ ಮರಳಿ ಸೆಟ್ ಮಾಡಿದರೆ ‘ಚೇಂಜ್’ ಇವೆಂಟ್ ಬರುವುದಿಲ್ಲ. ಹಳೆಯದು ಮತ್ತು ಹೊಸದು ಸಮವೇ ಎಂದು ಬ್ಯಾಕ್‌ಬೋನ್ ಹೋಲಿಸುವಾಗ ಎರಡೂ ಕಡೆ ಇರುವುದು ಅದೇ ವಸ್ತು. ಸಾಲುಪಟ್ಟಿಯ ಒಂದು ನಕಲನ್ನು ಮಾಡಿ, ನಕಲಿಗೆ ಸೇರಿಸಿ, ನಕಲನ್ನು ಸೆಟ್ ಮಾಡಬೇಕು.

ಮೂರನೆಯದನ್ನು ನಾನು ಎಲ್ಲಕ್ಕಿಂತ ಅಪಾಯಕಾರಿ ಎಂದು ಎಣಿಸುತ್ತೇನೆ. ವ್ಯಾಪಾರವೊಂದು ಮುರಿದುಬಿದ್ದಾಗ ಸರ್ವರ್ ಆ ಲಾಟಿನ ‘ಕೊಂಡವರು’ ಎಂಬ ಗುಣವನ್ನು ಕಳಿಸುವುದನ್ನೇ ನಿಲ್ಲಿಸುತ್ತಿತ್ತು. ಬೆರೆಸುವಿಕೆ ಎಂದರೆ ಬಂದದ್ದನ್ನು ಬರೆಯುವುದೇ ಹೊರತು ಬಾರದ್ದನ್ನು ಅಳಿಸುವುದಲ್ಲ. ಹೀಗಾಗಿ ಮುರಿದ ವ್ಯಾಪಾರದ ಕೊಳ್ಳುವವರ ಹೆಸರು ಪರದೆಯ ಮೇಲೆ ಹಾಗೆಯೇ ಉಳಿದು, ಮಾರಾಟಕ್ಕೆ ಮುಕ್ತವಾದ ಮಾಲು ಮಾರಾಟವಾದಂತೆ ತೋರುತ್ತಿತ್ತು. ಮಾಡೆಲ್‌ನ ಡಿಫಾಲ್ಟ್ಸ್‌ನಲ್ಲಿ (ಮೊದಲೇ ನಿಗದಿ ಮಾಡಿದ ಮೌಲ್ಯಗಳಲ್ಲಿ) ಖಾಲಿ ಮೌಲ್ಯ ಇಟ್ಟರೆ ಸಾಕೆಂದು ತೋರಬಹುದು. ಆದರೆ ಡಿಫಾಲ್ಟ್ಸ್ ಅನ್ವಯವಾಗುವುದು ಮಾಡೆಲ್ ಹುಟ್ಟುವಾಗ ಮಾತ್ರ. ಸರ್ವರ್ ಆ ಗುಣಕ್ಕೆ ನಲ್ (ಖಾಲಿ) ಎಂದು ಸ್ಪಷ್ಟವಾಗಿ ಕಳಿಸುವುದೇ ಸರಿಯಾದ ಪರಿಹಾರ. ಸರ್ವರ್ ನಮ್ಮ ಕೈಯಲ್ಲಿ ಇಲ್ಲದಿದ್ದರೆ, ಬಾರದ ಗುಣಗಳಿಗೆಲ್ಲ ಪಾರ್ಸ್‌ನಲ್ಲಿ ನಾವೇ ನಲ್ ತುಂಬಬೇಕು.

ವಿಂಗಡಣೆಯ ದೋಷಕ್ಕೆ ಇಷ್ಟು ಮಾತು ಬೇಡ. ಮಾಡೆಲ್ ಒಂದರ ದರವನ್ನು ನೇರವಾಗಿ ಬದಲಿಸಿದಾಗ ಕಲೆಕ್ಷನ್ ತನ್ನನ್ನು ಮರಳಿ ವಿಂಗಡಿಸಿಕೊಳ್ಳುವುದಿಲ್ಲ. ಆ ಗುಣದ ಚೇಂಜ್ ಇವೆಂಟಿಗೆ ಸಾರ್ಟ್ ಅನ್ನು ಜೋಡಿಸಬೇಕು. ಈಚ್ (ಮಾಡೆಲ್‌ಗಳ ಮೇಲೆ ಒಂದೊಂದಾಗಿ ಸಾಗುವ ಸುತ್ತು) ನಡೆಯುತ್ತಿರುವಾಗಲೇ ಅದೇ ಕಲೆಕ್ಷನ್‌ನಿಂದ ಮಾಡೆಲ್‌ಗಳನ್ನು ತೆಗೆದರೆ ಒಂದು ಬಿಟ್ಟು ಒಂದು ಉಳಿದುಹೋಗುತ್ತವೆ. ಮೊದಲು ಪಟ್ಟಿಯ ಪ್ರತಿ ಮಾಡಿಕೊಂಡು, ಆ ಪ್ರತಿಯ ಮೇಲೆ ನಡೆಯಬೇಕು.

ರಿಸೆಟ್ ಎಂಬ ಸುಲಭದ ದಾರಿ

ಮೇಲಿನ ಯಾವ ತೊಂದರೆ ಬಂದರೂ ಫೆಚ್‌ಗೆ ರಿಸೆಟ್ ಆಯ್ಕೆ ಕೊಟ್ಟು ಕೈ ತೊಳೆದುಕೊಳ್ಳುವುದನ್ನು ಕಂಡಿದ್ದೇನೆ. ಪುಟ ಮೊದಲ ಸಲ ತುಂಬುವಾಗ ರಿಸೆಟ್ ಒಳ್ಳೆಯದು. 240 ‘ಆ್ಯಡ್’ ಇವೆಂಟುಗಳ ಬದಲು ಒಂದೇ ಇವೆಂಟ್ ಬರುತ್ತದೆ. ಆದರೆ 30 ಸೆಕೆಂಡಿಗೊಮ್ಮೆ ರಿಸೆಟ್ ಮಾಡುವುದೆಂದರೆ, ನಾವು ಕಷ್ಟಪಟ್ಟು ನಿವಾರಿಸಿದ ದೋಷವನ್ನೇ ನಿಯಮವಾಗಿ ಮಾಡಿಕೊಂಡಂತೆ. ಹಳೆಯ ಮಾಡೆಲ್‌ಗಳು ಕಲೆಕ್ಷನ್‌ನಿಂದ ಕಡಿದುಹೋಗುತ್ತವೆ, ಅವುಗಳಿಗೆ ಕಿವಿಗೊಟ್ಟ ವ್ಯೂಗಳು ಮತ್ತೆಂದೂ ಸುದ್ದಿ ಬಾರದ ಮಾಡೆಲ್ ಹಿಡಿದು ಕುಳಿತಿರುತ್ತವೆ. ತೆರೆದಿಟ್ಟ ವಿವರದ ಕಿಟಕಿಯೊಂದು ಪಟ್ಟಿ ಹೊಸದಾದ ಮೇಲೆ ಮೌನವಾಗಿದೆ ಎಂದರೆ, ಆ ಕಿಟಕಿಯ ಮಾಡೆಲ್‌ನ ಸಿಐಡಿಯನ್ನು ಕಲೆಕ್ಷನ್‌ನಲ್ಲಿರುವ ಅದೇ ಲಾಟಿನ ಸಿಐಡಿಯೊಂದಿಗೆ ಹೋಲಿಸಬೇಕು. ಸಿಐಡಿ ಎಂಬುದು ಬ್ರೌಸರ್‌ನೊಳಗೆ ಪ್ರತಿ ಮಾಡೆಲ್‌ಗೆ ಹುಟ್ಟಿನಿಂದ ಬರುವ ಗುರುತು. ಅದು ಬೇರೆಯಾಗಿದ್ದರೆ ಎರಡೂ ಒಂದೇ ಮಾಡೆಲ್ ಅಲ್ಲ.

ಇದಕ್ಕೆ ಅಂಟಿಕೊಂಡಿರುವ ಇನ್ನೊಂದು ಲಕ್ಷಣವೆಂದರೆ, ಪುಟ ಹೆಚ್ಚು ಹೊತ್ತು ತೆರೆದಿದ್ದಷ್ಟೂ ಒಂದೇ ಬದಲಾವಣೆಗೆ ಕೆಲಸ ಹತ್ತಾರು ಸಲ ನಡೆಯುವುದು. ಪ್ರತಿ ಸಲ ಬರೆಯುವಾಗ ವ್ಯೂ ಮತ್ತೊಮ್ಮೆ ಲಿಸನ್‌ಟು ಮಾಡುತ್ತಿರುತ್ತದೆ (ಇವೆಂಟಿಗೆ ಕಿವಿಗೊಡುವ ಕೊಂಡಿ ಕಟ್ಟುತ್ತಿರುತ್ತದೆ), ಇಲ್ಲವೇ ತೆಗೆದ ಸಾಲಿನ ಎಚ್‌ಟಿಎಂಎಲ್ ಮಾತ್ರ ಅಳಿಸಿ ವ್ಯೂನ ರಿಮೂವ್ ಕರೆಯದೆ ಬಿಟ್ಟಿರುತ್ತಾರೆ. ಕಿವಿಗೊಡುವ ಕೆಲಸ ವ್ಯೂ ಹುಟ್ಟುವಾಗ ಒಮ್ಮೆ ನಡೆಯಬೇಕು. ಸಾಲು ಹೋದಾಗ ವ್ಯೂನ ರಿಮೂವ್ ಕರೆಯಬೇಕು, ಆಗ ಲಿಸನ್‌ಟುವಿನಿಂದ ಕಟ್ಟಿದ ಕೊಂಡಿಗಳು ತಾವೇ ಬಿಚ್ಚಿಕೊಳ್ಳುತ್ತವೆ.

ತಡವಾಗಿ ಬರುವ ಉತ್ತರ

ಇದು ನನ್ನ ಕೋಣೆಯಲ್ಲಿ ಎಂದೂ ಕಾಣಿಸದೆ ಶೀತಲಗೃಹದಲ್ಲಿ ಮಾತ್ರ ಕಾಣಿಸಿದ ದೋಷ. ಉಳಿಸಿದ ದರ ಒಂದು ಕ್ಷಣ ಹಳೆಯ ದರವಾಗಿ ತೋರಿ, ಮುಂದಿನ ಸುತ್ತಿನಲ್ಲಿ ಸರಿಯಾಗುತ್ತಿತ್ತು. ದಪ್ಪ ಗೋಡೆಗಳ ಒಳಗೆ ಮೊಬೈಲ್ ಸಿಗ್ನಲ್ ಕ್ಷೀಣವಾಗಿರುವುದರಿಂದ ಒಂದು ಫೆಚ್‌ನ ಉತ್ತರ ಬರುವ ಮೊದಲೇ ಮುಂದಿನ ಫೆಚ್ ಹೊರಟಿರುತ್ತಿತ್ತು, ಮತ್ತು ಕೆಲವೊಮ್ಮೆ ಮೊದಲಿನದರ ಉತ್ತರ ಎರಡನೆಯದರ ಹಿಂದೆ ಬರುತ್ತಿತ್ತು. ಯಾವ ಉತ್ತರ ಕೊನೆಗೆ ಬಂದಿತೋ ಅದನ್ನೇ ಕಲೆಕ್ಷನ್ ಸತ್ಯವೆಂದು ಬರೆದುಕೊಳ್ಳುತ್ತದೆ. ವಿನಂತಿ ಯಾವಾಗ ಹೊರಟಿತ್ತೆಂಬುದನ್ನು ಅದು ನೋಡುವುದಿಲ್ಲ.

ಫೆಚ್ ಹಿಂದಿರುಗಿಸುವ ವಿನಂತಿಯ ವಸ್ತುವನ್ನು ಹಿಡಿದಿಟ್ಟುಕೊಂಡು, ಹೊಸ ಫೆಚ್‌ಗೆ ಮುನ್ನ ಹಳೆಯದನ್ನು ಅಬಾರ್ಟ್ (ರದ್ದು) ಮಾಡಬೇಕು. ಗುಮಾಸ್ತರು ಏನನ್ನಾದರೂ ಉಳಿಸಿದಾಗಲೂ ದಾರಿಯಲ್ಲಿರುವ ಫೆಚ್ ಅನ್ನು ಅಬಾರ್ಟ್ ಮಾಡಬೇಕು, ಏಕೆಂದರೆ ಅದು ಉಳಿಸುವುದಕ್ಕೆ ಮೊದಲಿನ ಚಿತ್ರವನ್ನು ಹೊತ್ತು ತರುತ್ತಿರಬಹುದು. ಸೆಟ್‌ಇಂಟರ್ವಲ್‌ನಿಂದ ಗಡಿಯಾರದಂತೆ ಫೆಚ್ ಓಡಿಸುವುದನ್ನು ಬಿಟ್ಟು, ಒಂದು ಉತ್ತರ ಬಂದ ಮೇಲೆ 30 ಸೆಕೆಂಡು ಎಣಿಸಿ ಮುಂದಿನದನ್ನು ಕಳಿಸುವ ಕ್ರಮಕ್ಕೆ ನಾನು ಬದಲಾಯಿಸಿದೆ.

ಪರೀಕ್ಷಿಸಲು ಬ್ರೌಸರ್‌ನ ನೆಟ್‌ವರ್ಕ್ ಫಲಕದಲ್ಲಿ ವೇಗವನ್ನು 3ಜಿ ಮಟ್ಟಕ್ಕೆ ಇಳಿಸಿ, ಒಂದು ಸಾಲಿನ ದರದ ಚೌಕದಲ್ಲಿ ಎರಡು ಅಂಕಿ ಒತ್ತಿ ಕೈ ತೆಗೆದು, ಪಟ್ಟಿ ಎರಡು ಸಲ ಹೊಸದಾಗುವ ತನಕ ಕಾಯಬೇಕು. ಕರ್ಸರ್ ಅದೇ ಚೌಕದಲ್ಲಿ ಮಿನುಗುತ್ತಿರಬೇಕು, ಎರಡೂ ಅಂಕಿಗಳು ಅಲ್ಲಿಯೇ ಇರಬೇಕು, ಕನ್ಸೋಲ್‌ನಲ್ಲಿ ಸೇರಿದವುಗಳ ಮತ್ತು ತೆಗೆದವುಗಳ ಎಣಿಕೆ ಎರಡೂ 0 ಇರಬೇಕು. ಆಮೇಲೆ ಮೂರನೆಯ ಅಂಕಿಯನ್ನು ಒತ್ತಿ ಉಳಿಸಿ, ಸರ್ವರ್ ಲಾಗ್‌ನಲ್ಲಿ ಆ ಲಾಟಿನ ಹೆಸರಿಗೆ ಒಂದೇ ಒಂದು ಪುಟ್ ವಿನಂತಿ ದಾಖಲಾಗಿದೆಯೇ ಎಂದು ನೋಡಬೇಕು.